ರಬ್ಬರಮ್ಮನ ಕಣ್ಣು

ಅತ್ತೆಯನ್ನು ಸೊಸೆ ಹೊಗಳಿದರೆ, ಏನೋ ಕೆಲಸ ಆಗಬೇಕಿರಬೇಕು ಎಂದು ಜನ ಅನುಮಾನದಿಂದ ನೋಡುತ್ತಾರೆ. ನನಗೆ ಅವರಿಂದ ಆಗಬೇಕಾದ್ದು ಏನೂ ಇಲ್ಲ. ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಅತ್ತೆ ಗ್ಯಾರೇಜು ನಡೆಸುತ್ತಾರೆ. ಅವರ ಅಪ್ಪ ಬಿಟ್ಟುಹೋದ ತಗಡಿನ ಶೆಡ್ಡು, ಮುಂದೊಂದು ಹಿಂದೊಂದು ಗಾಡಿ ನಿಲ್ಲುವಷ್ಟು ಜಾಗ. ಬಾಗಿಲ ಪಕ್ಕದ ಮೂಲೆಯಲ್ಲಿ ನನ್ನ ಹೊಲಿಗೆ ಯಂತ್ರ. ನಾನು ಗಾಡಿ ಸೀಟಿನ ಕವರ್ ಹೊಲಿಯುತ್ತೇನೆ. ಅತ್ತೆಗೆ ಬಿಡಿಭಾಗದ ಅಂಗಡಿಗಳ ಮೇಲೆ ಮೊದಲಿನಿಂದಲೂ ಸಿಟ್ಟು. ಅಂಗೈ ಅಗಲದ ರಬ್ಬರು ಹರಿದರೆ ಅದರ ಸುತ್ತಲಿನ ಕಬ್ಬಿಣವನ್ನೂ ಸೇರಿಸಿ ಮಾರುತ್ತಾರೆ ಎಂಬುದು ಅವರ ದೂರು. ಅದಕ್ಕೇ ಕಾರ್ಖಾನೆಯವರು ಎಸೆದ ಬೆಲ್ಟು, ಲಾರಿಯ ಹಳೇ ಮಡ್‌ಗಾರ್ಡು ಎಲ್ಲ ತಂದು ಗುಡ್ಡೆ ಹಾಕಿಕೊಂಡು, ಬೇಕಾದ್ದನ್ನು ತಾವೇ ಕೊಯ್ದು ಮಾಡುತ್ತಾರೆ. ಹಾಗಾಗಿ ಊರಿಗೆಲ್ಲ ಅವರು ರಬ್ಬರಮ್ಮ.

ಕೆಲಸ ಮುಗಿದ ಮೇಲೆ ಗಾಡಿಯ ಹಿಂದೆ ಒಂದಷ್ಟು ದೂರ ನಿಂತು, ಸೊಂಟದ ಮೇಲೆ ಕೈಯಿಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಅವರು "ಸಮ ಇದೆ" ಎಂದರೆ ಮುಗಿಯಿತು. ಟೇಪು ಹಿಡಿದು ಅಳೆಯುವವರನ್ನು ಕಂಡರೆ ಅವರಿಗೆ ನಗು. ಅಂಥ ಕಣ್ಣಿಗೇ ಪೊರೆ ಬಂತು. ಬಹಳ ಕಾಲ ಯಾರಿಗೂ ಹೇಳದೆ ಕೈಯ ಅಂದಾಜಿನಲ್ಲೇ ಕೆಲಸ ತೂಗಿಸಿದರು. ನಟ್ಟು ಎಂದುಕೊಂಡು ನನ್ನ ಗುಂಡಿಗಳ ಡಬ್ಬಕ್ಕೆ ಕೈ ಹಾಕಿದ ದಿನ ಸಿಕ್ಕಿಬಿದ್ದರು. ಆಪರೇಷನ್ ಆಯಿತು. ಕಟ್ಟು ಬಿಚ್ಚಿದ ಕೂಡಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ದಪ್ಪ ಯಾವಾಗ ಆದೆ?" ಎಂದರು. ಕಣ್ಣು ಸರಿಹೋಗಿದೆ ಎಂದು ನನಗೆ ಆಗಲೇ ಖಾತ್ರಿಯಾಯಿತು.

ಅವರ ಒಬ್ಬನೇ ಮಗನಿಗೆ, ಅಂದರೆ ನನ್ನ ಗಂಡನಿಗೆ, ಖಾತ್ರಿಯಾಗಲಿಲ್ಲ. ಅವನು ಬಸ್ ಕಂಪನಿಯ ಆಫೀಸಿನಲ್ಲಿ ಕೆಲಸ ಮಾಡುತ್ತಾನೆ. "ಸಾಕು ಮಾಡಮ್ಮ. ಗಾಡಿ ಕೆಲಸ ಅಂದ್ರೆ ಬೇರೆಯವರ ಜೀವದ ವಿಷಯ. ಕಣ್ಣು ಮೊದಲಿನ ಹಾಗಿಲ್ಲ. ಶೆಡ್ಡನ್ನ ಟೈರಿನವರಿಗೆ ಬಾಡಿಗೆ ಕೊಡೋಣ" ಎಂದು ದಿನಾ ಹೇಳುತ್ತಿದ್ದ. ಪ್ರೀತಿಯಿಂದಲೇ ಹೇಳುತ್ತಿದ್ದ. ಪ್ರೀತಿಯ ಮಾತಾದರೂ ದಿನಾ ಕೇಳಿದರೆ ಕಿವಿ ತೂತಾಗುತ್ತದೆ. ಒಂದು ದಿನ ಊಟದ ನಡುವೆ ಅತ್ತೆ ತಟ್ಟೆ ಸರಿಸಿದರು.

"ಮುಂದೆ ಬರೋ ಗಾಡಿ ಡೊಂಕಾಗಿ ಆಚೆ ಹೋದ್ರೆ, ಬೀಗದ ಕೈ ನಾನೇ ತಂದು ನಿನ್ನ ಕೈಗೆ ಕೊಡ್ತೀನಿ. ಅಲ್ಲೀತನಕ ಸುಮ್ಮನೆ ಊಟ ಮಾಡು."

ಮುಂದೆ ಬಂದದ್ದು ಆಸ್ಪತ್ರೆ ಡ್ರೈವರನ ಗಾಡಿ. ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಬಿಡುವುದು ಅವನ ಕೆಲಸ. ಪೆಟ್ರೋಲಿನ ಬದಲು ಗ್ಯಾಸಿನಲ್ಲಿ ಓಡಿಸಲೆಂದು ಡಿಕ್ಕಿಯಲ್ಲಿ ಸಿಲಿಂಡರ್ ಕೂರಿಸಿದ ಮೇಲೆ ಗಾಡಿಯ ಹಿಂಭಾಗ ಕೂತುಬಿಟ್ಟಿತ್ತು. ಹೆಡ್‌ಲೈಟು ರಸ್ತೆ ಬಿಟ್ಟು ಆಕಾಶ ನೋಡುತ್ತಿತ್ತು. ಆಸ್ಪತ್ರೆಯ ಬಾಗಿಲಿಗೆ ಹತ್ತುವ ಇಳಿಜಾರಿನ ಬುಡದಲ್ಲಿ ಗಾಡಿಯ ಹೊಟ್ಟೆ ಉಜ್ಜುತ್ತಿತ್ತು. ಅವನ ಗಾಡಿಯಲ್ಲಿ ಖಾಯಂ ಹೋಗುವ ಒಬ್ಬ ಅಜ್ಜಿಗೆ ಬೆನ್ನುಮೂಳೆಯ ಆಪರೇಷನ್ ಆಗಿದೆ. ಪ್ರತಿ ಸಲ ಅಲ್ಲಿ ಗಾಡಿ ಉಜ್ಜಿದಾಗಲೂ ಅಜ್ಜಿಯ ಚೀರಾಟ ಒಳಗಿನ ವಾರ್ಡಿನತನಕ ಕೇಳುತ್ತಿತ್ತಂತೆ.

"ಇದೇ ಥರ ಆದ್ರೆ ಬೇರೆ ಗಾಡಿ ಇಟ್ಕೋತೀವಿ ಅಂತ ಆಸ್ಪತ್ರೆಯವರು ಅಂದಿದ್ದಾರಮ್ಮ" ಎಂದ ಡ್ರೈವರ್. "ಕಂಪನಿ ವರ್ಕ್‌ಶಾಪಲ್ಲಿ ಗಟ್ಟಿ ಸ್ಪ್ರಿಂಗ್ ಹಾಕ್ತೀವಿ ಅಂತಾರೆ. ಗಾಡಿ ಏಳುತ್ತೆ, ಅಜ್ಜಿ ಏಳಲ್ಲ."

ಅತ್ತೆ ಡಿಕ್ಕಿಯ ಮೇಲೆ ಎರಡೂ ಕೈಯೂರಿ ಒತ್ತಿದರು, ಬಿಟ್ಟರು, ಗಾಡಿ ಮೇಲೆದ್ದು ನಿಂತಿತು.

"ಸ್ಪ್ರಿಂಗ್ ಸತ್ತಿಲ್ಲ ಕಣಪ್ಪ, ಹೊರೆ ಹೆಚ್ಚಾಗಿದೆ ಅಷ್ಟೆ. ಅದನ್ನ ಬದಲಾಯಿಸೋದು ಬೇಡ. ಅದರ ತಲೆ ಮೇಲಿರೋ ರಬ್ಬರ್ ಬಳೆ ದಪ್ಪ ಮಾಡೋಣ."

ವಿಷಯ ಇಷ್ಟೆ. ಹಿಂದಿನ ಒಂದೊಂದು ಚಕ್ರದ ಹತ್ತಿರವೂ ಒಂದೊಂದು ಸ್ಪ್ರಿಂಗು. ಕಬ್ಬಿಣಕ್ಕೆ ಕಬ್ಬಿಣ ತಾಗಿ ಕಿರುಚದಿರಲೆಂದು ಸ್ಪ್ರಿಂಗಿನ ತಲೆಗೂ ಗಾಡಿಯ ಮೈಗೂ ನಡುವೆ ರಬ್ಬರಿನ ಬಳೆ ಇರುತ್ತದೆ. ಅದರ ಮೇಲೆ ಇನ್ನೊಂದು ಬಳೆ ಇಟ್ಟರೆ ಗಾಡಿ ಅಷ್ಟು ಮೇಲೇಳುತ್ತದೆ, ಸ್ಪ್ರಿಂಗಿನ ಮೆದುತನ ಹಾಗೇ ಉಳಿಯುತ್ತದೆ. ಗಿಡ್ಡ ಮನುಷ್ಯ ದಪ್ಪ ಅಟ್ಟೆಯ ಚಪ್ಪಲಿ ಮೆಟ್ಟಿದ ಹಾಗೆ. ಕಾಲು ಅದೇ ಕಾಲು. ಖರ್ಚು ಎಂದು ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ಶೆಡ್ಡಿನ ಮುಂದಿನ ಜಾಗದಲ್ಲಿ ಇಂಜಿನ್ ಬಿಚ್ಚಿದ ವ್ಯಾನೊಂದು ಅಲುಗಾಡದೆ ನಿಂತಿತ್ತು. ಹಾಗಾಗಿ ಈ ಗಾಡಿಯನ್ನು ಪಕ್ಕದಿಂದ ಒಳಗೆ ತಂದು ಹಿಂದಿನ ಜಾಗದಲ್ಲಿ ನಿಲ್ಲಿಸಿದರು. ಅಲ್ಲಿ ನಾವು ಗಾಡಿ ತೊಳೆಯುತ್ತೇವೆಯೇ ಹೊರತು ಬೇರೆ ಕೆಲಸ ಮಾಡುವುದಿಲ್ಲ. ಅತ್ತೆ ಜಾಕ್ ಕೊಟ್ಟು ಗಾಡಿ ಎತ್ತಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ಕೂರಿಸಿ, ಸ್ಪ್ರಿಂಗುಗಳನ್ನು ಬಿಡಿಸಿದರು. ಕಾರ್ಖಾನೆಯ ಬೆಲ್ಟಿನಿಂದ, ಚಾಕುವನ್ನು ಸೋಪಿನ ನೀರಿಗೆ ಅದ್ದಿ ಅದ್ದಿ, ಎರಡು ಬಳೆ ಕೊಯ್ದರು. ಸ್ಪ್ರಿಂಗಿನ ತುದಿ ಜಾರದೆ ಕೂರಲಿ ಎಂದು ಹಳೆಯ ರಬ್ಬರಿನ ಕಚ್ಚನ್ನು ಕೆರೆದು ಶುಚಿ ಮಾಡಿದರು. ಎಲ್ಲ ಜೋಡಿಸಿ ಗಾಡಿ ಇಳಿಸಿ, ಹಿಂದೆ ಹೋಗಿ ನಿಂತು, ಎದುರು ಗೋಡೆಯ ಕಿಟಕಿಯ ಅಂಚಿಗೂ ಗಾಡಿಯ ನೆತ್ತಿಗೂ ಕಣ್ಣಲ್ಲೇ ಗೆರೆ ಎಳೆದರು.

"ಎಡಗಡೆ ಒಂಚೂರು ಕೂತಿದೆ" ಎಂದರು.

ನನಗೇನೂ ಕಾಣಲಿಲ್ಲ. ಡ್ರೈವರನಿಗೂ ಕಾಣಲಿಲ್ಲ. ಸಿಲಿಂಡರಿನ ಭಾರ ಎಡಕ್ಕೆ ಹೆಚ್ಚು ಬೀಳುತ್ತಿರಬೇಕು ಎಂದು ಅತ್ತೆ ಎಡಗಡೆಯದನ್ನು ಮತ್ತೆ ಬಿಚ್ಚಿ, ಇನ್ನೊಂದು ಬಳೆ ಸೇರಿಸಿದರು. "ಈಗ ಸಮ ಇದೆ" ಎಂದರು.

ಮಾರನೆಯ ದಿನ ಡ್ರೈವರ್ ವಾಪಸು ಬಂದ. ಗಾಡಿ ಬಲಕ್ಕೆ ವಾಲಿತ್ತು. ಬೀದಿಯಲ್ಲಿ ನಿಂತಿದ್ದ ಅದನ್ನು ನೋಡಲು ಯಾವ ಕಣ್ಣೂ ಬೇಕಿರಲಿಲ್ಲ. ಇಳಿಜಾರಿನಲ್ಲಿ ಬಲಮೂಲೆ ಉಜ್ಜಿತ್ತು, ಅಜ್ಜಿ ಚೀರಿದ್ದರು. ರಜೆಯೆಂದು ನನ್ನ ಗಂಡ ಅಲ್ಲೇ ಇದ್ದ. ಅವನು ಗಾಡಿಯನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿದ. ಬೈದಿದ್ದರೆ ಜಗಳವಾಡಬಹುದಿತ್ತು. ಅತ್ತೆ ಸೊಂಟದಿಂದ ಬೀಗದ ಕೈ ಬಿಡಿಸಿ ಅವನ ಅಂಗೈಯಲ್ಲಿ ಇಟ್ಟರು.

"ಮಾತು ಅಂದ್ರೆ ಮಾತು. ಈ ಗಾಡಿ ಸರಿ ಮಾಡಿ ಕೊಟ್ಟು ಹೋಗ್ತೀನಿ. ಅರ್ಧ ಕೆಲಸ ಬಿಟ್ಟು ಎದ್ದು ಹೋಗೋಳಲ್ಲ ನಾನು."

ಗಾಡಿ ಮತ್ತೆ ಹಿಂದಿನ ಜಾಗಕ್ಕೆ ಬಂತು. ಅತ್ತೆ ಹಿಂದೆ ನಿಂತು ನೋಡಿದರು. ಆ ಕಣ್ಣು ಮುಚ್ಚಿ, ಈ ಕಣ್ಣು ಮುಚ್ಚಿ ನೋಡಿದರು. ಆಮೇಲೆ ಗಾಡಿಯ ಬಲಗಡೆ ಸೀಟಿನ ಕವರಿಗೆ ಕೈಹೊಲಿಗೆ ಹಾಕುತ್ತ ಕೂತಿದ್ದ ನನ್ನ ಹತ್ತಿರ ಬಂದು, ಮಗನಿಗೆ ಕೇಳಿಸದ ಹಾಗೆ, "ನಂಗೆ ಇದು ಸಮ ಕಾಣ್ತಿದೆ ಕಣೇ" ಎಂದರು.

ಅತ್ತೆಗೆ ಹೆದರಿಕೆ ಎಂಬುದಿದೆ ಎಂದೇ ನನಗೆ ಗೊತ್ತಿರಲಿಲ್ಲ. ಅವರ ಕೈ ಹಿಡಿದುಕೊಳ್ಳೋಣವೆಂದು ಎದ್ದೆ. ಮಡಿಲಲ್ಲಿದ್ದ ನೂಲಿನ ರೀಲು ಬಿದ್ದು, ಗಾಡಿಯ ಅಡಿಯಲ್ಲಿ ನುಸುಳಿ, ಉರುಳುತ್ತ ಹೋಗಿ ಎಡಗೋಡೆಗೆ ತಾಗಿ ನಿಂತಿತು. ಅತ್ತೆ ಅದನ್ನೇ ನೋಡುತ್ತಿದ್ದರು.

"ತಂದು ಮತ್ತೆ ಬಿಡು."

ಬಿಟ್ಟೆ. ತಾನಾಗಿಯೇ ಉರುಳಿ ಅದೇ ಗೋಡೆಗೆ ಹೋಯಿತು.

"ನೆಲ ಡೊಂಕು ಕಣೋ" ಎಂದರು ಅತ್ತೆ ಮಗನ ಕಡೆ ತಿರುಗಿ.

ನನ್ನ ಗಂಡ ಅಷ್ಟು ಹೊತ್ತು ತಡೆದುಕೊಂಡಿದ್ದೇ ಹೆಚ್ಚು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಮ್ಮ, ಈ ಗಾದೆ ನೀನೇ ನಂಗೆ ಹೇಳಿಕೊಟ್ಟಿದ್ದು" ಎಂದ. ನನಗೂ ನಗು ಬಂದು ತುಟಿ ಕಚ್ಚಿಕೊಂಡೆ.

"ಹೋಗಿ ನಿಮ್ಮಪ್ಪನ್ನ ಕರ್ಕೊಂಡು ಬಾ. ರಸಮಟ್ಟ ತರೋಕೆ ಹೇಳು" ಎಂದರು ಅತ್ತೆ.

ನಮ್ಮ ಮಾವ ಗಾರೆ ಕೆಲಸದವರು. ಮಟ್ಟ ನೋಡುವ ಆ ಮರದ ತುಂಡನ್ನು ಈಗಲೂ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ. ತಂದು ನೆಲದ ಮೇಲಿಟ್ಟರು. ಗಾಜಿನೊಳಗಿನ ಗುಳ್ಳೆ ನಡುವೆ ನಿಲ್ಲದೆ ಬಲಕ್ಕೆ ಓಡಿತು.

"ಎಡಕ್ಕೆ ಇಳಿಜಾರು ಇದ್ದೇ ಇದೆ" ಎಂದರು ಮಾವ ನಿಧಾನವಾಗಿ, ಅತ್ತೆಯ ಕಡೆ ತಿರುಗಿ. "ಈ ನೆಲ ಹಾಕಿದ್ದು ನಾನೇ ಅಲ್ವಾ? ತೊಳೆದ ನೀರು ಚರಂಡಿಗೆ ಹೋಗಲಿ ಅಂತ ನಿಮ್ಮಪ್ಪನೇ ಹೇಳಿ ಮಾಡಿಸಿದ್ರು. ಆಗ ನೀನು ಇಲ್ಲೇ ನಿಂತು ದಿನವೆಲ್ಲ ನೋಡ್ತಿದ್ದೆಯಲ್ಲ, ಅಷ್ಟೂ ಗೊತ್ತಾಗ್ಲಿಲ್ವಾ?"

"ನಾನು ನೆಲ ನೋಡೋಕೆ ನಿಂತಿರಲಿಲ್ಲ ರೀ" ಎಂದರು ಅತ್ತೆ.

ಮಾವ ರಸಮಟ್ಟಕ್ಕೆ ಬಟ್ಟೆ ಸುತ್ತುವ ನೆಪದಲ್ಲಿ ತಲೆ ತಗ್ಗಿಸಿದರು. ನನ್ನ ಗಂಡನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಈಗ ಹೇಳಿ, ತಪ್ಪು ಯಾರದು? ಬೇರೆ ಯಾರೇ ಆಗಿದ್ದರೂ ಎರಡೂ ಕಡೆ ಒಂದೇ ದಪ್ಪದ ಬಳೆ ಹಾಕಿ, ಕೈ ತೊಳೆದುಕೊಂಡು ಹೋಗುತ್ತಿದ್ದರು, ಗಾಡಿ ಸರಿಯಾಗಿಯೇ ಇರುತ್ತಿತ್ತು. ನೆಲದ ಜೊತೆಯೇ ಗಾಡಿ ಎಡಕ್ಕೆ ತಗ್ಗಿದ್ದರಿಂದ ನಮಗ್ಯಾರಿಗೂ ಕಾಣಲಿಲ್ಲ, ನಮ್ಮತ್ತೆಗೆ ಕಂಡಿತು. ಕಂಡದ್ದನ್ನು ಸುಮ್ಮನೆ ಬಿಡುವ ಜಾಯಮಾನ ಅವರದಲ್ಲ. ಕೆಟ್ಟ ಕಣ್ಣಿನವರು ಈ ತಪ್ಪು ಮಾಡಲು ಸಾಧ್ಯವೇ ಇಲ್ಲ ಎಂದು ನಾನು ನನ್ನ ಗಂಡನ ಮುಖಕ್ಕೇ ಹೇಳಿದೆ. ಅವನು ಬೀಗದ ಕೈಯನ್ನು ಈ ಅಂಗೈಯಿಂದ ಆ ಅಂಗೈಗೆ ಹಾಕಿಕೊಳ್ಳುತ್ತ ನಿಂತಿದ್ದ.

ಅತ್ತೆ ಎಡಗಡೆಯ ಹೆಚ್ಚಿನ ಬಳೆ ತೆಗೆದರು. ಗಾಡಿ ಇಳಿಸಿದ ಮೇಲೆ ನನ್ನ ಕಡೆ ಕೈಚಾಚಿ, "ನಿನ್ನ ಟೇಪು ಕೊಡು" ಎಂದರು. ಅವರು ಟೇಪು ಕೇಳಿದ್ದು ಅದೇ ಮೊದಲು. ಚಕ್ರದ ನಡುವಿನಿಂದ ಅದರ ಮೇಲಿನ ಕಮಾನಿನತನಕ ಎಡಕ್ಕೂ ಬಲಕ್ಕೂ ಅಳೆದರು. ಎರಡೂ ಒಂದೇ. ಅಲ್ಲಿ ನಿಂತಿರುವಷ್ಟು ಹೊತ್ತೂ ಗಾಡಿ ಅವರ ಕಣ್ಣಿಗೆ ಡೊಂಕಾಗಿಯೇ ಕಾಣುತ್ತಿತ್ತು. ತಡೆಯಲಾರದೆ ಬೆನ್ನು ತಿರುಗಿಸಿ ನಿಂತರು.

ಪರೀಕ್ಷೆ ಆಸ್ಪತ್ರೆಯ ಇಳಿಜಾರಿನಲ್ಲೇ ಆಗಲಿ ಎಂದರು. ಡ್ರೈವರನ ಪಕ್ಕ ಅತ್ತೆ, ಹಿಂದೆ ನಾನು ಮತ್ತು ನನ್ನ ಗಂಡ, ನಡುದಾರಿಯಲ್ಲಿ ಹತ್ತಿಸಿಕೊಂಡ ಅಜ್ಜಿ. ಭಾರಕ್ಕೆ ಮೋಸವಿರಲಿಲ್ಲ, ನನ್ನೊಬ್ಬಳದೇ ಸಾಕಿತ್ತು. ಆಸ್ಪತ್ರೆಯ ಗೇಟು ಕಂಡ ಕೂಡಲೇ ಅಜ್ಜಿ ನನ್ನ ಮೊಣಕೈ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ, "ಬಂತು, ಬಂತು" ಎನ್ನತೊಡಗಿದರು. ಅತ್ತೆ ಕುತ್ತಿಗೆ ಬಾಗಿಸಿ ಗಾಡಿಯ ಅಡಿಯ ಸದ್ದಿಗೆ ಕಿವಿಗೊಟ್ಟಿದ್ದರು. ಗಾಡಿ ನಿಂತಿತು.

"ಯಾಕಪ್ಪ ನಿಲ್ಲಿಸಿದೆ? ಹತ್ತಿಬಿಡು, ತಡ್ಕೋತೀನಿ" ಎಂದರು ಅಜ್ಜಿ ಕಣ್ಣು ಮುಚ್ಚಿಕೊಂಡೇ.

"ಹತ್ತಾಯ್ತು ಅಜ್ಜಿ" ಎಂದ ಡ್ರೈವರ್.

ಗಾಡಿ ಆಸ್ಪತ್ರೆಯ ಬಾಗಿಲಲ್ಲಿ, ಸಮನೆಲದ ಮೇಲೆ ನಿಂತಿತ್ತು. ಅತ್ತೆ ಇಳಿದು, ಹಿಂದೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದರು. "ಸಮ ಇದೆ" ಎಂದರು. ನನಗೆ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಡಬೇಕೆಂದೂ ಅನಿಸಲಿಲ್ಲ.

ನನ್ನ ಗಂಡ ಬೀಗದ ಕೈ ಮುಂದೆ ಹಿಡಿದ. "ತಗೋಮ್ಮ."

"ನಿನ್ನ ಹತ್ರಾನೇ ಇರಲಿ" ಎಂದರು ಅತ್ತೆ. "ನಾಳೆಯಿಂದ ಆಫೀಸಿಗೆ ಹೋಗೋಕೆ ಮುಂಚೆ ನೀನೇ ಬಂದು ಬಾಗಿಲು ತೆಗಿ. ಆ ಶಟರು ಎತ್ತೋಕೆ ನಂಗೆ ಸೊಂಟ ನೋಯುತ್ತೆ. ಕಣ್ಣಿಗೇನೂ ಆಗಿಲ್ಲ."

ಅಂದಿನಿಂದ ಶೆಡ್ಡಿನ ಬಾಗಿಲು ತೆಗೆಯುವುದು ನನ್ನ ಗಂಡನ ಕೆಲಸ. ಹಿಂದಿನ ನೆಲ ಒಡೆದು ಹೊಸದು ಹಾಕುತ್ತೇನೆ ಎಂದು ಮಾವ ಹೇಳಿದರೆ ಅತ್ತೆ ಒಪ್ಪಲಿಲ್ಲ, ಅದು ಹಾಗೇ ಇರಲಿ ಎಂದರು. ಟೈರಿನವರು ಮೊನ್ನೆ ಬಂದು, ಜಾಗ ಯಾವಾಗ ಖಾಲಿ ಮಾಡುತ್ತೀರಿ ಎಂದು ಕೇಳಿದರು. ಶಟರು ಎತ್ತುತ್ತಿದ್ದ ನನ್ನ ಗಂಡ ತಿರುಗಿಯೂ ನೋಡದೆ ಉತ್ತರ ಕೊಟ್ಟ.

"ಈ ನೆಲದ ಮೇಲೆ ನಾನು ಹುಟ್ಟಿದಾಗಿನಿಂದ ಓಡಾಡಿದೀನಿ. ಡೊಂಕು ಅಂತ ಕಂಡಿದ್ದು ನಮ್ಮಮ್ಮನಿಗೆ ಮಾತ್ರ. ಜಾಗ ಖಾಲಿ ಇಲ್ಲ."