ರಾಣಿ ಹಿಡಿದ ವಾಸನೆ

ದೆವ್ವ ಭೂತ ಎಂದರೆ ನಗುವ ಜಾತಿ ನನ್ನದು. ಪೊಲೀಸ್ ಕೆಲಸಕ್ಕೆ ಸೇರಿದ ಮೇಲಂತೂ ಸತ್ತವರಿಗಿಂತ ಬದುಕಿದವರ ಕಾಟವೇ ಹೆಚ್ಚು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಈಗಲೂ ಅವನ್ನೆಲ್ಲ ನಂಬುತ್ತೇನೆಂದು ಹೇಳಲಾರೆ. ಆದರೆ ನಗುವುದನ್ನು ಬಿಟ್ಟಿದ್ದೇನೆ.

ಐವತ್ತರ ದಶಕದ ಮಾತು. ಮದರಾಸಿನ ಪೊಲೀಸರಲ್ಲಿ ಪತ್ತೆ ಕೆಲಸಕ್ಕೆಂದು ನಾಯಿಗಳ ದಳ ಹೊಸದಾಗಿ ಶುರುವಾಗಿತ್ತು. ರಾಣಿ ಎಂಬ ಹೆಣ್ಣುನಾಯಿ ನನ್ನ ಕೈಯಲ್ಲಿತ್ತು. ಕೊಯಮತ್ತೂರಿನ ಕಡೆ, ಪೆರಿಯನಾಯಕನಪಾಳ್ಯದ ಹತ್ತಿರ, ನೇಕಾರರ ಕೇರಿಯೊಂದರಲ್ಲಿ ಕಮಲಿ ಎಂಬ ಐದು ವರ್ಷದ ಹುಡುಗಿ ಕಾಣೆಯಾದಾಗ ನಮ್ಮಿಬ್ಬರನ್ನು ರೈಲು ಹತ್ತಿಸಿದರು. ನಾನೂ ಕೊಯಮತ್ತೂರಿನವನೇ, ಕೇರಿಯವರದೂ ನನ್ನ ಮನೆಯಂಥದೇ ಕನ್ನಡ. ನಾವು ಮುಟ್ಟುವ ಹೊತ್ತಿಗೆ ಮಗು ಹೋಗಿ ಎರಡು ರಾತ್ರಿ ಕಳೆದಿತ್ತು. ಮಗ್ಗಗಳು ನಿಂತಿದ್ದವು. ತಂದೆಯ ಗಂಟಲು ಕೂಗಿ ಕೂಗಿ ಕಟ್ಟಿಹೋಗಿತ್ತು.

ನಾಯಿಗೆ ಮೂಸಿಸಲು ಮಗು ತೊಟ್ಟುಬಿಟ್ಟ, ಒಗೆಯದ ಬಟ್ಟೆ ಬೇಕು. ಕೇಳಿದೆ. ತಾಯಿ ಹಿತ್ತಿಲಿಗೆ ಕರೆದುಕೊಂಡು ಹೋದಳು. ಹಗ್ಗದ ತುಂಬ ಪುಟ್ಟ ಪುಟ್ಟ ಬಟ್ಟೆಗಳು, ಎಲ್ಲವೂ ಹಳದಿ.

"ಅಮ್ಮನ್ಗೆ ಹರಕೆ ಹೊತ್ಕೊಂಡೆ ಸಾಮಿ," ಎಂದಳು. "ಮಗೂನ ತಿರ್ಗಿ ಕೊಡು ತಾಯಿ, ಮಂಜಳ್ ಬಟ್ಟೆ ಉಡ್ಸಿ ನಿನ್ನ ಕೋಯಿಲ್ಗೆ ಕರ್ಕೊಂಡ್ ಬಂದು ಅಡ್ಡ ಬೀಳಿಸ್ತೀನಿ ಅಂತ. ಒಂದೂ ಬಿಡ್ದೆ ಒಗ್ದು ಅರ್ಶಿಣದ ನೀರಲ್ಲಿ ಅದ್ದಿಬುಟ್ಟೆ. ತಪ್ಪಾಯ್ತಾ?"

ತಪ್ಪಾಯಿತು ಎಂದು ಹೇಗೆ ಹೇಳಲಿ? ಹಾಸಿಗೆಯನ್ನೂ ಒಗೆದಿದ್ದರು. ಅರಿಶಿನದ ಘಾಟಿಗೆ ರಾಣಿ ಸೀನಿ ಮುಖ ತಿರುಗಿಸಿತು. ಒಗೆಯದ್ದು ಬೇರೆ ಏನಾದರೂ ಇದೆಯೇ ಎಂದು ಮನೆಯವರನ್ನೆಲ್ಲ ಕೇಳಿದೆ.

ಆಗ ಮಗುವಿನ ಅಜ್ಜಿ, ತಂದೆಯ ತಾಯಿ, ಒಳಗಿನಿಂದ ಒಂದು ಚಿಕ್ಕ ಲಂಗ ತಂದು ಕೊಟ್ಟಳು. ಪೆಟ್ಟಿಗೆಯ ತಳದಲ್ಲಿ ಉಳಿದದ್ದಿರಬೇಕು ಅಂದುಕೊಂಡೆ. ರಾಣಿ ಮೂಸಿತು, ಮೂಗು ನೆಲಕ್ಕೆ ಹಚ್ಚಿತು, ಹೊರಟೇಬಿಟ್ಟಿತು. ಹಗ್ಗ ಕೈ ಕೊಯ್ಯುವಷ್ಟು ಬಿಗಿ. ಈಗಷ್ಟೇ ನಡೆದುಹೋದವರ ಜಾಡಿಗೆ ಮಾತ್ರ ಅದು ಹಾಗೆ ಎಳೆಯುತ್ತಿತ್ತು. ಕೇರಿ ದಾಟಿ ಬಟ್ಟಬಯಲಿಗೆ ಬಂದಾಗ ನೆಟ್ಟಗೆ ಹೋಗದೆ, ಏನನ್ನೋ ಬಳಸಿಕೊಂಡು ಹೋಗುವವರಂತೆ ದೊಡ್ಡ ಸುತ್ತು ಹಾಕಿತು. ಅಲ್ಲಿ ಬಳಸಿ ಹೋಗುವಂಥದು ಒಂದು ಕಲ್ಲೂ ಇರಲಿಲ್ಲ. ಆಚೆ ಮುಳ್ಳುಪೊದೆಗಳ ನಡುವೆ ಒಂದು ಪಾಳುಬಾವಿ. ಅಂಥದೊಂದು ಇದೆಯೆಂಬುದೇ ಊರಿನ ಎಳೆಯರಿಗೆ ಗೊತ್ತಿರಲಿಲ್ಲ.

ಕಮಲಿ ಅದರೊಳಗಿದ್ದಳು. ಕಾಲು ಮುರಿದಿತ್ತು, ಜೀವವಿತ್ತು. ಒಬ್ಬ ಹಗ್ಗ ಹಿಡಿದು ಇಳಿದು ಎತ್ತಿ ತಂದ. ತಾಯಿ ಅಳಲೂ ಆಗದೆ ಮಗುವಿನ ಕಾಲ್ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದಳು. ನಾನು ಅತ್ತುಬಿಟ್ಟೆ.

ಅಜ್ಜಿಯೂ ನಮ್ಮ ಹಿಂದೆ ಬಾವಿಯವರೆಗೆ ಬಂದಿದ್ದಳು; ಲಂಗ ಉಳಿಸಿಟ್ಟದ್ದಕ್ಕೆ ಆಕೆಗೆ ಕೈ ಮುಗಿಯೋಣವೆಂದು ಹೋದೆ.

"ಅದು ಕಮಲೀದಲ್ಲ ಸಾಮಿ," ಎಂದಳು. "ನನ್ನ ಮಗಳು ಸರಸೀದು. ಕಮಲಿ ಅಪ್ಪ ಹುಟ್ಟೋಕ್ ಮುಂಚೆ ಹಿಂಗೇ ಆಡ್ತಾ ಹೋದೋಳು ಬರ್ಲೇ ಇಲ್ಲ. ನಾಯಿ ಯಾರ್ನಾದ್ರೂ ಹುಡುಕ್ತದೆ ಅಂದ್ರು. ಮತ್ತೆ ಯಾವತ್ತು ಬರ್ತದೋ ಅಂತ ಕೊಟ್ಬುಟ್ಟೆ."

ಮೊಮ್ಮಗಳ ಜೀವ ತೂಗಾಡುತ್ತಿದ್ದಾಗ ಹೀಗೆ ಮಾಡಿದ್ದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಯಲಲ್ಲಿ ರಾಣಿ ಸುತ್ತು ಹಾಕಿದ ಜಾಗ ತೋರಿಸಿ, ಸರಸಿ ಹೋದ ಕಾಲಕ್ಕೆ ಅಲ್ಲಿ ಕಳ್ಳಿಬೇಲಿ ಇತ್ತೆಂದು ಆಕೆಯೇ ಹೇಳಿದಳು.

ಬಾವಿಯೊಳಗಿದ್ದ ಮಗುವಿನ ವಾಸನೆ ಗಾಳಿಯಲ್ಲಿ ಬಂದಿರಬಹುದು ಎಂದರು ಮೇಲಿನವರು. ಬಂದಿರಬಹುದು. ಆದರೆ ರಾಣಿಯ ಮೂಗು ದಾರಿಯುದ್ದಕ್ಕೂ ನೆಲದಲ್ಲೇ ಇತ್ತು. ಎಂದೋ ಕಿತ್ತುಹೋದ ಬೇಲಿಯನ್ನು ಅದು ಯಾಕೆ ಬಳಸಿತು? ನನಗೆ ಇವತ್ತಿಗೂ ತಿಳಿಯದು.

ಅವತ್ತು ಬಾವಿಯ ಹತ್ತಿರದಿಂದ ಎಲ್ಲರೂ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಅಜ್ಜಿ ಹೋಗಲಿಲ್ಲ. ತಳದಲ್ಲಿ ಕಲ್ಲು ಮಣ್ಣು ಬಿಟ್ಟರೆ ಏನೂ ಇಲ್ಲವೆಂದು ಇಳಿದವನು ಹೇಳಿದರೂ ಬಾವಿಗೆ ಬಗ್ಗಿ "ಸರಸೀ" ಎಂದು ಕರೆದಳು. ಆಮೇಲೆ ಬಂದು ಲಂಗವನ್ನು ಮತ್ತೆ ರಾಣಿಯ ಮೂತಿಗೆ ಹಿಡಿದಳು. ಅದು ಮೂಸಲಿಲ್ಲ, ಮುಂಗಾಲ ಮೇಲೆ ತಲೆಯಿಟ್ಟು ಮಲಗಿಬಿಟ್ಟಿತು.

"ನಾಯಿಗೆ ದಣಿವಾಗಿದೆ ಅಜ್ಜಿ," ಎಂದೆ.

"ಆಗ್ಲಿ ಸಾಮಿ," ಎಂದು ಆಕೆ ಅದರ ಪಕ್ಕದಲ್ಲೇ ಕುಳಿತಳು. "ಅದು ಏಳೋಗಂಟ ಕೂತಿರ್ತೀನಿ."