ಒಡೆಯದ ಸಂಖ್ಯೆಯ ಆಸೆ

ನಮ್ಮ ಮನೆಯಲ್ಲಿ ನನಗಿಂತ ಹೆಚ್ಚು ದುಡಿಯುವುದು ನನ್ನ ಹಳೆಯ ಕಂಪ್ಯೂಟರ್. ಬಸವನ ಬಾಗೇವಾಡಿಯ ಕಾಲೇಜೊಂದರಲ್ಲಿ ಹಂಗಾಮಿಯಾಗಿ ಗಣಿತ ಕಲಿಸಿ ನಾನು ನಿಡಗುಂದಿಗೆ ಮರಳಿದಾಗಲೂ ಅದು ಗುರುಗುಡುತ್ತಲೇ ಇರುತ್ತದೆ. ಜಗತ್ತಿನ ಸಾವಿರಾರು ಹುಚ್ಚರ ಯಂತ್ರಗಳ ಜೊತೆ ಸೇರಿ ಅದೂ ಒಂದು ಬೃಹತ್ ಅವಿಭಾಜ್ಯ ಸಂಖ್ಯೆಯನ್ನು ಹುಡುಕುತ್ತಿದೆ. ಪರೀಕ್ಷಿಸಲು ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಪಾಲಿಗೆ ಬರುತ್ತದೆ. ಕೂಲಿ ಇಲ್ಲ. ಸಿಕ್ಕರೆ ಮಾತ್ರ ಸಿಕ್ಕವರ ಹೆಸರು ದಾಖಲಾಗುತ್ತದೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದವನು ನಾನೇ ಮೊದಲಿಗ. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ. ಹಾಗಾಗಿ ಆ ಹೆಸರಿನ ಆಸೆ ನನಗೆ ಬಹಳ.

ಅವಿಭಾಜ್ಯವೆಂದರೇನೆಂದು ಅವ್ವನಿಗೆ ತಿಳಿಸಲು ಲಿಂಬೆಹಣ್ಣು ತೆಗೆದುಕೊಂಡೆ. ಸಂತೆಯಲ್ಲಿ ಇಂಡಿ ತಾಲೂಕಿನ ಲಿಂಬೆಯನ್ನು ಗುಂಪಿ ಹಚ್ಚಿ ಮಾರಿಯೇ ಅವಳು ನನ್ನನ್ನು ಓದಿಸಿದ್ದು. ಹದಿಮೂರು ಹಣ್ಣು ಕೊಟ್ಟು, ಒಂದೂ ಉಳಿಯದಂತೆ ಸಮ ಗುಂಪಿ ಮಾಡು ಎಂದೆ. ಅವಳು ಮೂರು ಮೂರರ ನಾಲ್ಕು ಗುಂಪಿ ಮಾಡಿ, ಉಳಿದ ಒಂದನ್ನು ನನ್ನ ಕೈಗಿಟ್ಟಳು.

“ಇದು ಕೊಸರು. ಗಿರಾಕಿ ಚೀಲಕ್ಕ ಒಗದ್ರ ಮುಗೀತು. ಇಷ್ಟಕ್ಕ ನಾಕು ತಿಂಗಳು ಮಷಿನ್ ಓಡಸಬೇಕೇನೋ ತಮ್ಮಾ?”

ಹಿಂದೆ ಆರು ಸಂಖ್ಯೆಗಳು ಕೈಕೊಟ್ಟಿದ್ದವು. ಏಳನೆಯದೂ ಹೋದರೆ ಈ ಹುಚ್ಚು ಬಿಟ್ಟೇಬಿಡುವೆನೆಂದು ಶಪಥ ಮಾಡಿದ್ದೆ. ಆ ಏಳನೆಯದೋ, ಪ್ರತಿ ಸೋಮವಾರ ನಿಲ್ಲುತ್ತಿತ್ತು. ಅಂದು ನಮ್ಮ ಕಡೆ ಎತ್ತಿಗೆ ನೊಗ ಇಡುವುದಿಲ್ಲ. ಅವ್ವ ಬೆಳಗ್ಗೆಯೇ ಪ್ಲಗ್ ಕಿತ್ತಿರುತ್ತಿದ್ದಳು.

“ಯವ್ವಾ, ಅದಕ್ಕೇನು ಜೀವ ಐತೇನು?”

“ಮೈ ಸುಡತೈತಿ, ಉಸುರು ಬಿಡತೈತಿ, ಗುರುಗುಡತೈತಿ. ಇನ್ನ ಕೋಡು ಮೂಡಬೇಕೇನು?”

ಎಂ.ಎಸ್ಸಿ. ಓದಿದ ನಾನು ಪ್ಲಗ್ ಮುಟ್ಟದೆ ಮಂಗಳವಾರಕ್ಕೆ ಕಾಯುತ್ತಿದ್ದೆ. ಮಂಗಳವಾರ ಅದು ಬಿಟ್ಟಲ್ಲಿಂದ ಮತ್ತೆ ಹೂಡುತ್ತಿತ್ತು.

ಹೋದ ವಾರ ಫಲಿತಾಂಶ ಬಂತು. ಅವಿಭಾಜ್ಯವಲ್ಲ.

“ಯಾದರ್ಲೆ ಭಾಗ ಹೋಗತೈತಂತ?” ಎಂದು ಅವ್ವ ಕೇಳಿದಳು.

“ಅದನ್ನ ಹೇಳಂಗಿಲ್ಲ ಯವ್ವಾ. ಹೋಗತೈತಿ ಅಂತ ಅಷ್ಟ ಹೇಳತೈತಿ.”

“ಏನ್ ತಪ್ಪಂತ ಹೇಳದ ಫೇಲ್ ಮಾಡೂದ? ನಿನ್ನ ಇಂಟರ್ವ್ಯೂದ ಸಾಹೇಬ್ರು ಇದರಾಗೂ ಕುಂತಾರೇನು?”

ನನಗೆ ನಗು ಬರಲಿಲ್ಲ. ಕಾಯಂ ನೌಕರಿಗೆಂದು ಸಿಂದಗಿ, ಮುದ್ದೇಬಿಹಾಳ ಎಲ್ಲ ತಿರುಗಿದ್ದೇನೆ. ಆಯ್ಕೆಯಾಗಿಲ್ಲ ಎಂಬ ಕಾಗದಗಳಲ್ಲಿ ಒಂದರಲ್ಲೂ ಕಾರಣ ಇರಲಿಲ್ಲ. ಏನು ಕಡಿಮೆಯೆಂದು ಹೇಳಿದ್ದರೆ ತಿದ್ದಿಕೊಳ್ಳುತ್ತಿದ್ದೆ. ಗಣಿತವೊಂದು ಮಾತ್ರ ನಮ್ಮಂಥವರಿಗೂ ಮುಖ ನೋಡದೆ ನ್ಯಾಯ ಹೇಳುತ್ತದೆ ಎಂದು ನಂಬಿದ್ದೆ. ಮುಖ ನೋಡಲಿಲ್ಲ, ನಿಜ. ಕಾರಣವನ್ನೂ ಹೇಳಲಿಲ್ಲ.

ಶಪಥದಂತೆ ಎಲ್ಲ ಅಳಿಸಿ ಹಾಕಲು ಕೂತೆ. ಅಷ್ಟರಲ್ಲಿ ಯಂತ್ರ ಎಂಟನೆಯ ಸಂಖ್ಯೆಯನ್ನು ತಾನೇ ತರಿಸಿಕೊಂಡು ಕೆಲಸಕ್ಕೆ ಇಳಿದಿತ್ತು. ಏಳು ಸಲ ಸೋತಿದ್ದು ಅದಕ್ಕೆ ಗೊತ್ತೇ ಇಲ್ಲ. ಸುಮ್ಮನೆ ಕೈ ಹಿಂದೆಗೆದುಕೊಂಡೆ. ಹೀಗೆ ಕೈ ಹಿಂದೆಗೆದುಕೊಂಡದ್ದನ್ನು ಆಸೆ ಎನ್ನಲು ನಾಲಿಗೆ ಏಳದು.

ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯೇ ಇಲ್ಲ ಎಂದು ನಾಳೆ ತರಗತಿಯಲ್ಲಿ ಸಾಧಿಸಿ ತೋರಿಸಬೇಕು. ಅವುಗಳಲ್ಲೊಂದು ನನ್ನ ಪಾಲಿಗಿದೆಯೆಂದು ಮಾತ್ರ ಆ ಸಾಧನೆಯ ಯಾವ ಸಾಲಿನಲ್ಲೂ ಇಲ್ಲ.