ಹಿಂಡೋದಲ್ಲ, ನುಡಿಸೋದು

ಹಿಂಡಪ್ಪನಿಗೆ ಸಿಟ್ಟು ಬರಿಸಲು ಯಾರೂ ಮೈ ಬೆವರಿಸಬೇಕಾಗಿರಲಿಲ್ಲ. ಅವನ ಕನ್ಸರ್ಟಿನಾ ಎಂಬ ವಾದ್ಯದ ಮಾತೆತ್ತಿ 'ಹಿಂಡು' ಎಂದರೆ ಸಾಕು, ಲಾಂಡ್ರಿಯ ಬಾಯ್ಲರಿನ ಒತ್ತಡ ತೋರಿಸುವ ಮುಳ್ಳು ತಾನಾಗಿಯೇ ಎರಡು ಗೆರೆ ಮೇಲೇರುತ್ತಿತ್ತು ಎಂದು ಅಲ್ಲಿಯ ಹಳಬರು ಇಂದಿಗೂ ಆಣೆ ಮಾಡಿ ಹೇಳುತ್ತಾರೆ.

ಸೋಜಿಗವೆಂದರೆ ಅವನ ಕಸುಬೇ ಹಿಂಡುವುದು. ಆಸ್ಪತ್ರೆ, ವಸತಿಗೃಹಗಳ ಚಾದರ ಹೊದಿಕೆಗಳನ್ನು ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಹಿಂಡುವ ಯಂತ್ರದ ಮುಂದೆ ನಿಂತವನು ಅವನು. ಎರಡು ರಬ್ಬರ್ ಉರುಳೆಗಳ ನಡುವೆ ನೀರು ಕುಡಿದು ಎಮ್ಮೆಯಂತಾದ ಚಾದರವನ್ನು ತೂರಿಸಿದರೆ ಆಚೆ ಬದಿಯಲ್ಲಿ ಅದು ಕಾಗದದಂತೆ ಹೊರಬರುತ್ತಿತ್ತು. ಅವನು ಅಷ್ಟು ವರ್ಷ ಹಿಂಡಿ ತೆಗೆದ ನೀರನ್ನು ಒಂದು ಕಡೆ ಕಟ್ಟಿ ನಿಲ್ಲಿಸಿದ್ದರೆ ಹಡಗು ಬಿಡಬಹುದಿತ್ತು, ದಡದಲ್ಲಿ ದೀಪಸ್ತಂಭವೂ ಬೇಕಾಗುತ್ತಿತ್ತು. ಈ ಕೆಲಸವನ್ನು ಹಿಂಡುವುದು ಎಂದರೆ ಅವನಿಗೆ ಕಿಂಚಿತ್ತೂ ಬೇಸರವಿರಲಿಲ್ಲ.

"ಹೌದ್ರಪ್ಪಾ, ಹಿಂಡ್ತೀನಿ. ಬೆಳಗ್ಗೆ ಎಂಟರಿಂದ ಸಾಯಂಕಾಲ ಐದರವರೆಗೂ ಹಿಂಡ್ತೀನಿ. ಐದಾದ ಮೇಲೆ ನಾನು ಹಿಂಡಲ್ಲ. ನುಡಿಸ್ತೀನಿ!"

ನುಡಿಸುತ್ತಿದ್ದದ್ದು ಕನ್ಸರ್ಟಿನಾ. ಆರು ಮೂಲೆಯ ಎರಡು ಮರದ ತುದಿಗಳು, ಅವುಗಳಲ್ಲಿ ಸಾಲು ಸಾಲು ಗುಂಡಿಗಳು, ನಡುವೆ ಮಡಿಕೆ ಮಡಿಕೆಯಾದ ಚರ್ಮದ ತಿದಿ. ಮುಚ್ಚಿದಾಗ ಎರಡು ಅಂಗೈಗಳ ನಡುವೆ ಕೂರುವಷ್ಟು ಚಿಕ್ಕದು, ಎಳೆದರೆ ಎದೆಯಗಲ. ಅದು ಲಾಂಡ್ರಿಗೆ ಬಂದದ್ದು ಒಂದು ವಸತಿಗೃಹದ ಕೊಳೆ ಬಟ್ಟೆಯ ಗಂಟಿನಲ್ಲಿ. ಯಾರೋ ಅತಿಥಿ ಹಾಸಿಗೆಯ ಮೇಲೆ ಬಿಟ್ಟುಹೋಗಿದ್ದ. ಆ ದಿನ ಯಂತ್ರ ಕೆಟ್ಟಿದ್ದರಿಂದ ಗಂಟು ಬಿಚ್ಚುವ ಕೆಲಸಕ್ಕೆ ಹಾಕಿದ್ದ ಹಿಂಡಪ್ಪನ ಕೈಗೇ ಅದು ಸಿಕ್ಕಿತು. ವಸತಿಗೃಹಕ್ಕೆ ಹೇಳಿ ಕಳಿಸಿದರೂ ಒಂದು ವರ್ಷ ಯಾರೂ ಕೇಳಿಕೊಂಡು ಬರಲಿಲ್ಲ. ಕೊನೆಗೆ ಗುಮಾಸ್ತರು, "ತಗೊಂಡು ಹೋಗು ಮಾರಾಯ, ನನ್ನ ಕಪಾಟಿನಲ್ಲಿ ಕೂತು ಆಗಾಗ ನಿಟ್ಟುಸಿರು ಬಿಡುತ್ತೆ, ನನಗೆ ಭಯ ಆಗುತ್ತೆ" ಎಂದು ಕೊಟ್ಟುಬಿಟ್ಟರು.

ಕಲಿಸುವವರು ಯಾರೂ ಇರಲಿಲ್ಲ. ತನಗೆ ತಿಳಿದ ವಿದ್ಯೆಯಿಂದಲೇ ಹಿಂಡಪ್ಪ ಶುರು ಮಾಡಿದ. ಅವನಿಗೆ ತಿಳಿದಿದ್ದ ವಿದ್ಯೆ ಯಾವುದು? ಒತ್ತಿದರೆ ಏನೋ ಹೊರಗೆ ಬರುತ್ತದೆ. ಗುಂಡಿಯ ಮೇಲೆ ಬೆರಳಿಟ್ಟು ಒತ್ತಿದ, ಸ್ವರ ಬಂತು. ಬಲ ಹೆಬ್ಬೆರಳಿನ ಹತ್ತಿರ ಒಂದು ಗುಂಡಿಯಿತ್ತು, ಅದನ್ನು ಅದುಮಿದರೆ ಸದ್ದಿಲ್ಲದೆ ಗಾಳಿ ಒಳಗೆ ಹೋಗುತ್ತಿತ್ತು. ಸರಿ, ಒತ್ತುವುದು ಹಾಡು, ಎಳೆಯುವುದು ಉಸಿರು ಎಂದು ತೀರ್ಮಾನಿಸಿದ. ಹೀಗೆ ಎರಡು ವರ್ಷ. ನಾಲ್ಕು ಸ್ವರ, ಒಂದು ದೀರ್ಘ ಮೌನ, ಮತ್ತೆ ನಾಲ್ಕು ಸ್ವರ.

"ಯಾಕ್ರೀ ಇದಕ್ಕೆ ಬಿಕ್ಕಳಿಕೆ?" ಎಂದು ಹೆಂಡತಿ ಕೇಳುತ್ತಿದ್ದಳು. "ಸ್ವಲ್ಪ ನೀರು ಕುಡಿಸಿ."

ಮೂರನೆಯ ವರ್ಷ ಉರುಳೆಗೆ ಸಿಕ್ಕಿ ಬಲ ಹೆಬ್ಬೆರಳು ಜಜ್ಜಿತು. ಬೆರಳಿಗೆ ಬದನೆಕಾಯಿ ಗಾತ್ರದ ಬ್ಯಾಂಡೇಜು. ಗಾಳಿಗುಂಡಿ ಅದುಮಲಾಗದೆ, ಹಾಡಿನ ಗುಂಡಿಯ ಮೇಲೆ ಬೆರಳಿಟ್ಟಂತೆಯೇ ತಿದಿ ಎಳೆದ. ಸ್ವರ ಬಂತು! ಅದೂ ಒತ್ತಿದಾಗಿನ ಸ್ವರವಲ್ಲ, ಬೇರೆಯದೇ! ಎರಡು ವರ್ಷ ಕುಂಟುತ್ತ ನಡೆದವನಿಗೆ ತನ್ನ ಇನ್ನೊಂದು ಕಾಲು ಕಿಸೆಯಲ್ಲಿ ಸಿಕ್ಕಿದಂತಾಯಿತು. ಅಡುಗೆಮನೆಗೆ ಓಡಿದ.

"ಕೇಳಿಲ್ಲಿ. ಅದೇ ಗುಂಡಿ, ಬರೋವಾಗ ಒಂದು ಮಾತು, ಹೋಗೋವಾಗ ಇನ್ನೊಂದು ಮಾತು. ಥೇಟ್ ನಿನ್ನ ತಮ್ಮನ ಹಾಗೆ!"

ಆ ವಾರವಿಡೀ ಅವನ ಅಂಗಿಗಳಲ್ಲಿ ಒಂದಕ್ಕೂ ಗುಂಡಿ ಇರಲಿಲ್ಲ.

ಅಂದಿನಿಂದ ಅವನಿಗೆ ಆ ಪದದ ಮೇಲೆ ಹಗೆ ಹುಟ್ಟಿತು. ಹಿಂಡುವುದು ತನ್ನ ಎರಡು ವರ್ಷದ ಅಜ್ಞಾನದ ಹೆಸರು. ಎಳೆತವೂ ಒತ್ತೂ ಸೇರಿದರೆ ಅದು ನುಡಿ. ಆ ಸಂಗೀತದ ಪೆಟ್ಟಿಗೆ ಮಾತಾಡುತ್ತದೆ, ಮಾತಾಡಿಸುವವನು ತಾನು. ಇಷ್ಟು ಸರಳ ಸಂಗತಿ ಲೋಕದ ಒಬ್ಬ ಪ್ರಾಣಿಯ ತಲೆಗೂ ಹೋಗಲಿಲ್ಲ. ಭಾವಮೈದ "ಭಾವ, ಸ್ವಲ್ಪ ಊದಿ" ಎಂದ. ಕ್ಷೌರದಂಗಡಿಯವನು "ಈಗಲೂ ಬಾರಿಸ್ತೀರಾ?" ಎಂದ, ಅರ್ಧ ಗಡ್ಡ ಹೆರೆಸಿಕೊಂಡಿದ್ದಂತೆಯೇ ಹಿಂಡಪ್ಪ ಎದ್ದು ಹೊರಟ, ಉಳಿದರ್ಧ ಗಡ್ಡವನ್ನು ಹನ್ನೆರಡು ದಿನ ಪ್ರತಿಭಟನೆಗೆಂದೇ ಬೆಳೆಸಿದ. ಹೆಂಡತಿಯಂತೂ ದಿನಾ, "ಹಿಂಡಿದ್ದು ಸಾಕು, ಊಟಕ್ಕೆ ಏಳಿ."

ಆದರೆ ಇವರೆಲ್ಲ ಸಣ್ಣ ಶತ್ರುಗಳು. ದೊಡ್ಡ ಶತ್ರು ಲಾಂಡ್ರಿಯ ಮಡಿಕೆಯಕ್ಕ.

ಮಡಿಕೆಯಕ್ಕ ಬಟ್ಟೆ ಮಡಿಸುವ ಮೇಜಿನ ಯಜಮಾನಿ. ಮೂವತ್ತೊಂದು ವರ್ಷದಿಂದ ಅಲ್ಲಿ ಬೇರೆ ಯಾರ ಮಾತೂ ನಡೆದದ್ದಿಲ್ಲ. ಅವಳು ಮಡಿಸಿದ ಚಾದರದ ಅಂಚಿನಲ್ಲಿ ಹಣ್ಣು ಕೊಯ್ಯಬಹುದಿತ್ತು. ಮೇಜಿನ ಪಕ್ಕದಲ್ಲೇ ಒಗೆಯುವ ದೊಡ್ಡ ಡ್ರಮ್ಮು ಹಗಲಿಡೀ ಗುಡುಗುತ್ತಿದ್ದುದರಿಂದ ಅವಳ ಕಿವಿ ಅರ್ಧ ಹೋಗಿತ್ತು. ಯಾರು ಏನೇ ಹೇಳಿದರೂ ಮಾತಿನ ತಲೆ ಕೇಳಿಸುತ್ತಿರಲಿಲ್ಲ, ಬಾಲ ಮಾತ್ರ ಕೇಳಿಸುತ್ತಿತ್ತು. 'ಹಿಂಡಪ್ಪ' ಎಂಬ ಹೆಸರಿಟ್ಟವಳು ಅವಳೇ. ಅವನಿಗೆ ಅಪ್ಪ ಅಮ್ಮ ಇಟ್ಟ ಒಳ್ಳೆಯ ಹೆಸರೊಂದಿತ್ತು. ಅದು ಹಾಜರಿ ಪುಸ್ತಕದಿಂದ ಹೊರಗೆ ಒಂದು ದಿನವೂ ಬಿಸಿಲು ಕಾಣಲಿಲ್ಲ.

"ಏನೋ ಹಿಂಡಪ್ಪ, ನಿನ್ನೆ ಎಷ್ಟು ಹೊತ್ತು ಹಿಂಡ್ದೆ ಪೆಟ್ಟಿಗೇನ?"

"ಹಿಂಡೋದಲ್ಲ ಅಕ್ಕಾ, ನುಡಿಸೋದು!" ಎಂದು ಅವನು ಡ್ರಮ್ಮಿನ ಗದ್ದಲವನ್ನು ಮೀರಿ ಕೂಗುತ್ತಿದ್ದ.

ಅಷ್ಟು ಕೇಳಿದ್ದೇ ಅವಳ ಮುಖ ಗಂಟಿಕ್ಕಿಕೊಳ್ಳುತ್ತಿತ್ತು. "ಅಹಹಾ! ಬಂದುಬಿಟ್ಟ ದೊಡ್ಡ ಮನುಷ್ಯ! ನಿನಗೆ ಗೊತ್ತಿರೋದು ಹಿಂಡೋದು, ಅದನ್ನ ನೆಟ್ಟಗೆ ಮಾಡು. ಕಂಡೋರ ಕೆಲಸಕ್ಕೆ ಕೈ ಹಾಕಬೇಡ."

ಸಂಗೀತ ಕಂಡವರ ಕೆಲಸ ಹೇಗಾಯಿತೆಂದು ಹಿಂಡಪ್ಪ ಹದಿನೇಳು ವರ್ಷ ಹಲ್ಲು ಕಡಿದ. ಹಲ್ಲಿನ ವೈದ್ಯರು, "ನಿಮಗೆ ಕಲ್ಲು ತಿನ್ನೋ ಅಭ್ಯಾಸ ಯಾವಾಗಿಂದ?" ಎಂದು ಕೇಳಿದರಂತೆ.

ಅಕ್ಕನ ನಿವೃತ್ತಿಯ ದಿನ ಹತ್ತಿರ ಬಂತು. ಶನಿವಾರ ನಾಲ್ಕು ಗಂಟೆಗೆ ಬೀಳ್ಕೊಡುಗೆ. ಏನು ಏರ್ಪಾಡು ಮಾಡಲಿ ಎಂದು ಸೋಮವಾರ ಗುಮಾಸ್ತರು ಕೇಳಿದಾಗ ಅವಳೆಂದಳು:

"ಹಾರ ಬೇಡ, ಭಾಷಣ ಬೇಡ. ಆ ಹಿಂಡಪ್ಪ ಪೆಟ್ಟಿಗೆ ಹಿಂಡಲಿ. ಇಷ್ಟು ವರ್ಷ ಬರೀ ಅವನ ಬಡಾಯಿ ಕೇಳಿದೀನಿ, ಒಂದು ಸಲ ಸದ್ದೂ ಕೇಳ್ತೀನಿ."

ಗುಮಾಸ್ತರು ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಅಕ್ಷರಶಃ ಬರೆದರು: 'ಪೆಟ್ಟಿಗೆ ಹಿಂಡುವವರು: ಹಿಂಡಪ್ಪ.'

ಹಿಂಡಪ್ಪ ಅದನ್ನು ಓದಿದ. ಮತ್ತೆ ಓದಿದ. ಹತ್ತೊಂಬತ್ತು ವರ್ಷದಲ್ಲಿ ಅವನನ್ನು ಯಾರೂ ಎಲ್ಲಿಗೂ ನುಡಿಸಲು ಕರೆದಿರಲಿಲ್ಲ. ಮದುವೆಗೆ ಕರೆದವರು ಪೆಟ್ಟಿಗೆ ಮನೆಯಲ್ಲಿಟ್ಟು ಬಾ ಎಂದು ಕರೆದಿದ್ದರು. ಇದು ಮೊಟ್ಟಮೊದಲ ಕರೆ. ಅಷ್ಟೇ ಅಲ್ಲ, ಅಕ್ಕನಿಗೇ ಕೇಳಿಸಬೇಕೆಂಬ ಒಂದು ಹಾಡು ಅವನೊಳಗಿತ್ತು, ಯಾರಿಗೂ ಹೇಳಿರಲಿಲ್ಲ. ಬಂದ ಕರೆ ಹೀಗೆ ಬರಬೇಕೆ? ಕೈಯಲ್ಲಿದ್ದ ಒದ್ದೆ ಚಾದರವನ್ನು ಯಂತ್ರವೇ ಬೇಡವೆನ್ನುವಷ್ಟು ಜೋರಾಗಿ ಹಿಂಡುತ್ತ ಗುಮಾಸ್ತರ ಮೇಜಿಗೆ ಹೋದ.

"ಬದಲಾಯಿಸಿ ಅದನ್ನ."

"ಏನಂತ?"

"ನುಡಿಸುವವರು ಅಂತ."

ಗುಮಾಸ್ತರು ಕನ್ನಡಕ ಒರೆಸಿದರು. "ನೋಡಪ್ಪಾ, ನುಡಿಸೋದು ಅಂದ್ರೆ ವಿದ್ವಾಂಸರು ಮಾಡೋದು. ನೀನು ಹವ್ಯಾಸಿ. ಆ ಪದ ಸ್ವಲ್ಪ ಭಾರ ಆಗುತ್ತೆ."

"ಹವ್ಯಾಸಿ ಉಂಡ್ರೆ ಊಟ ಅನ್ನಲ್ವಾ? ಹವ್ಯಾಸಿ ಸತ್ರೆ ಹೆಣ ಅನ್ನಲ್ವಾ? ಹವ್ಯಾಸಿ ನುಡಿಸಿದ್ರೆ ಮಾತ್ರ ನುಡಿಸೋದು ಅನ್ನಬಾರದಾ?"

ಗುಮಾಸ್ತರಿಗೆ ಶಾಂತಿ ಪ್ರಿಯ, ಆದರೆ ಸೋಲು ಅಪ್ರಿಯ. ಮಂಗಳವಾರ 'ಹಿಂಡುವವರು' ಮೇಲೆ ಗೀಟು ಎಳೆದು ಕೆಳಗೆ 'ಒತ್ತುವವರು' ಎಂದು ಬರೆದರು. ಹಿಂಡಪ್ಪ ಕೂಗಾಡಿದ. ಬುಧವಾರ 'ಊದುವವರು'. ಗುರುವಾರ 'ಬಾರಿಸುವವರು'. ಶುಕ್ರವಾರದ ಹೊತ್ತಿಗೆ ಹಲಗೆ ಗೀಟುಗಳಿಂದ ತುಂಬಿ, ಹೊಸದಾಗಿ ಬಂದವರು ಅದನ್ನು ಕೆಲಸದಿಂದ ತೆಗೆದವರ ಪಟ್ಟಿ ಎಂದುಕೊಂಡು ತಮ್ಮ ಹೆಸರು ಹುಡುಕತೊಡಗಿದ್ದರು.

"ನಾನು ನುಡಿಸಲ್ಲ" ಎಂದು ಹಿಂಡಪ್ಪ ಮನೆಗೆ ಬಂದು ಘೋಷಿಸಿದ. "ಪೆಟ್ಟಿಗೆ ತಗೊಂಡು ಹೋಗ್ತೀನಿ. ಎಲ್ಲರ ಮುಂದೆ ಇಡ್ತೀನಿ. ತೆಗೆಯಲ್ಲ. ನೋಡ್ಕೊಂಡು ಸಾಯ್ಲಿ."

"ಹತ್ತೊಂಬತ್ತು ವರ್ಷ ನನ್ನ ಕಿವಿ ಹಿಂಡಿದ್ರಿ" ಎಂದಳು ಹೆಂಡತಿ, ಪಾತ್ರೆ ತೊಳೆಯುವುದನ್ನು ನಿಲ್ಲಿಸದೆ. "ಒಂದಿನ ಬೇರೆಯವರ ಕಿವೀನೂ ಹಿಂಡಿ ಬನ್ನಿ, ನನಗೂ ನ್ಯಾಯ ಸಿಗ್ಲಿ."

ಶನಿವಾರ ಮೂರೂವರೆಗೆ ಯಂತ್ರಗಳನ್ನೆಲ್ಲ ನಿಲ್ಲಿಸಿದರು. ಡ್ರಮ್ಮು ನಿಂತಾಗ ಬಂದ ನಿಶ್ಶಬ್ದಕ್ಕೆ ಜನ ಬೆಚ್ಚಿಬಿದ್ದರು. ಕಿಟಕಿಯ ಮೇಲಿನ ನೊಣ ನಡೆದಾಡುವುದು ಕೇಳುತ್ತಿತ್ತು. ಮಡಿಕೆಯಕ್ಕ ತನ್ನ ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಹಿಂಡಪ್ಪ ಮುಚ್ಚಿದ ಪೆಟ್ಟಿಗೆ ಹಿಡಿದು ಅವಳ ಮುಂದೆ ನಿಂತ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಸಾಣೆ ಹಿಡಿದುಕೊಂಡು ಬಂದಿದ್ದ.

"ಅಕ್ಕಾ, ಕೊನೇ ಸಲ ಹೇಳ್ತಾ ಇದೀನಿ. ಇದು ಹಿಂಡೋದಲ್ಲ, ನುಡಿಸೋದು."

ಅಕ್ಕ ಬಾಯಿ ತೆರೆದಳು, ಎಂದಿನ ಬೈಗುಳ ಹೊರಟಿತು, ಅರ್ಧದಲ್ಲಿ ನಿಂತಿತು.

"ಏನಂದೆ?"

"ನುಡಿಸೋದು."

"ಇನ್ನೊಂದು ಸಲ ಹೇಳು."

"ನುಡಿ! ನುಡಿಸೋದು! ಮಾತಾಡ್ಸೋದು!"

"ಮಡಿಸೋದು ಅಲ್ವಾ?"

ಅಕ್ಕ ತನ್ನ ಹಣೆ ತಾನೇ ಬಡಿದುಕೊಂಡಳು.

"ಅಯ್ಯೋ ನಿನ್ನ! ಇಷ್ಟು ವರ್ಷ ನೀನು 'ಮಡಿಸೋದು, ಮಡಿಸೋದು' ಅಂತಿದೀಯ ಅಂದ್ಕೊಂಡಿದ್ದೆ ಕಣೋ! ಹಿಂಡೋದು ಬಿಟ್ಟು ಮಡಿಸೋಕೆ ಬರ್ತಾನಂತೆ, ನನ್ನ ಮೇಜಿನ ಮೇಲೆ ಕಣ್ಣು ಹಾಕಿದಾನೆ ಅಂತ! ಹಾಕಿರಲಿಲ್ವಾ? ದಿನಾ ಯಂತ್ರದ ಹತ್ತಿರ ನಿಂತು ನನ್ನ ಮೇಜನ್ನೇ ನೋಡ್ತಿದ್ದೆಯಲ್ಲ, ಸುಳ್ಳು ಹೇಳಬೇಡ!"

"ನೋಡ್ತಿದ್ದೆ" ಎಂದ ಹಿಂಡಪ್ಪ. ಕಿವಿ ಕೆಂಪಾಯಿತು. "ಅದು ಬೇರೆ ವಿಷಯಕ್ಕೆ."

"ಯಾವ ವಿಷಯಕ್ಕೆ?"

ಬಾಯಲ್ಲಿ ಹೇಳುವ ವಿಷಯವಾಗಿರಲಿಲ್ಲ. ನುಡಿಸುವುದಿಲ್ಲವೆಂದು ಶಪಥ ಮಾಡಿದವನು ಪೆಟ್ಟಿಗೆಯ ಚಿಲಕ ತೆಗೆದ. ಸ್ಟೂಲಿನ ಮೇಲೆ ಕೂತು ಕನ್ಸರ್ಟಿನಾವನ್ನು ಮೊಣಕಾಲಿನ ಮೇಲಿಟ್ಟುಕೊಂಡ. ಮೊದಲು ಎಳೆದ, ಉದ್ದಕ್ಕೆ, ಬಿಗಿಯಾಗಿ. ಎಳೆದಲ್ಲೇ ಒಂದು ಸಣ್ಣ ಕೊಡವು. ಆಮೇಲೆ ನಿಧಾನಕ್ಕೆ ಎರಡೂ ತುದಿಗಳನ್ನು ಹತ್ತಿರ ತಂದ, ಸ್ವರಗಳು ಒಂದಕ್ಕೊಂದು ತಾಗಿದವು. ಮತ್ತೆ ದೂರ, ಈ ಸಲ ಅರ್ಧವೇ. ಮತ್ತೆ ಹತ್ತಿರ. ಎರಡು ಕಡೆ ತಪ್ಪಿದ, ಒಂದು ಕಡೆ ಗುಂಡಿ ಸಿಕ್ಕಿಕೊಂಡು ಕುಂಯ್ ಎಂದಿತು. ಅವನು ಅದನ್ನು ಕಣ್ಣಲ್ಲೇ ಗದರಿಸಿ ಮುಂದೆ ಹೋದ. ಎರಡನೆಯ ಸುತ್ತಿನಲ್ಲಿ, ಮೇಜಿನ ಆಚೆ ನಿಂತಿದ್ದ ಮಡಿಸುವ ಹೆಂಗಸರಿಬ್ಬರು ತಮಗೇ ಗೊತ್ತಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದರು, ಒಂದು ಹೆಜ್ಜೆ ಮುಂದೆ ಬಂದರು, ಬರಿಗೈಯನ್ನು ಬರಿಗೈಗೆ ಕೊಟ್ಟರು. ಬುಟ್ಟಿಯಲ್ಲಿದ್ದ ನಾಲ್ಕು ಚಾದರಗಳು ತಾವಾಗಿಯೇ ಮಡಿಚಿಕೊಂಡವೆಂದು ಬಾಯ್ಲರಿನವನು ಹೇಳುತ್ತಾನೆ. ಮೂರು ಎನ್ನುವವರೂ ಇದ್ದಾರೆ.

ಮಡಿಕೆಯಕ್ಕ ಕುರ್ಚಿಯಿಂದ ಮುಂದಕ್ಕೆ ಬಾಗಿದ್ದಳು. ಎಷ್ಟು ಕೇಳಿಸಿತೋ, ಅವಳು ಹೆಚ್ಚು ನೋಡುತ್ತಿದ್ದದ್ದು ಅವನ ಕೈಗಳನ್ನು.

"ಅಯ್ಯೋ, ಇದು ನಮ್ಮ ಚಾದರ ಅಲ್ವೇನೋ!" ಎಂದಳು. "ಎಳೆ, ಕೊಡವು, ಮೂಲೆಗೆ ಮೂಲೆ. ಎಳೆ, ಮೂಲೆಗೆ ಮೂಲೆ. ಕಳ್ಳ! ನನ್ನ ಮೇಜನ್ನ ಕದ್ದು ಪೆಟ್ಟಿಗೆಯೊಳಗೆ ಇಟ್ಕೊಂಡಿದೀಯ!"

ಹಾಡು ಮುಗಿದಾಗ ಅವಳು ಎದ್ದಳು. ಯಾರ ಕೈಯನ್ನೂ ಹಿಡಿಯದೆ ಬಾಗಿಲ ಪಕ್ಕದ ಹಲಗೆಯವರೆಗೆ ಹೋದಳು. ಸೀಮೆಸುಣ್ಣ ತೆಗೆದುಕೊಂಡು ಗುಮಾಸ್ತರ 'ಬಾರಿಸುವವರು' ಮೇಲೆ ದಪ್ಪಗೆ ಗೀಟು ಎಳೆದು, ಕೆಳಗೆ ಉಳಿದಿದ್ದ ನಾಲ್ಕು ಬೆರಳಗಲದ ಜಾಗದಲ್ಲಿ ಒತ್ತಿ ಒತ್ತಿ ಬರೆದಳು. ಹಿಂಡಪ್ಪ ಉಸಿರು ಬಿಗಿ ಹಿಡಿದು ನೋಡಿದ. ಅಕ್ಕ ಪಕ್ಕಕ್ಕೆ ಸರಿದಳು.

'ಮಡಿಸುವವರು.'

"ಅಕ್ಕಾ!" ಹಿಂಡಪ್ಪ ಹಾರಿಬಿದ್ದ. "ಈಗ ತಾನೇ ಹೇಳಿದ್ನಲ್ಲಾ! ಮಡಿಸೋದಲ್ಲ, ನು..."

"ಕೇಳಿಸ್ತು ಕಣೋ, ಎಷ್ಟು ಸಲ ಹೇಳ್ತೀಯ" ಎಂದಳು ಅಕ್ಕ, ಕೈಯ ಸುಣ್ಣ ಕೊಡವುತ್ತ. "ನೀನು ಏನಾದ್ರೂ ಅನ್ಕೋ. ಮೂವತ್ತೊಂದು ವರ್ಷದಲ್ಲಿ ನಾನು ಇನ್ನೊಬ್ಬರಿಗೆ ಆ ಪದ ಕೊಟ್ಟಿಲ್ಲ."

ಮನೆಯಲ್ಲಿ ಹಿಂಡಪ್ಪ ಆ ಸಂಜೆಯಿಡೀ ಗೊಣಗಿದ. ಒಂದು ಅಕ್ಷರ! ಒಂದೇ ಒಂದು ಅಕ್ಷರ ಸರಿಯಾಗಿ ಬರೆದಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಹೆಂಡತಿ, "ಊಟಕ್ಕೆ ಏಳಿ, ಗೊಣಗಿದ್ದು ಸಾಕು" ಎಂದಳು. ಕ್ರಿಯಾಪದ ಬದಲಾಗಿದ್ದನ್ನು ಅವನು ಗಮನಿಸಲಿಲ್ಲ.

ಐದು ವಾರ ಹಲಗೆ ಹಾಗೇ ಇತ್ತು. ಲಾಂಡ್ರಿಯಲ್ಲಿ ಒದ್ದೆ ಬಟ್ಟೆಗೆ ಬರವಿರಲಿಲ್ಲ. ಒಮ್ಮೆ ಕೈಯಾಡಿಸಿದ್ದರೆ ಅವನೇ ಅಳಿಸಬಹುದಿತ್ತು. ಆರನೆಯ ವಾರ ಬಾಯ್ಲರಿನ ತಪಾಸಣೆಯ ಸುದ್ದಿ ಬರೆಯಲು ಗುಮಾಸ್ತರು ಹಲಗೆಯನ್ನು ಒರೆಸಿಬಿಟ್ಟರು. ಬೆಳಗ್ಗೆ ಎಂಟಕ್ಕೆ ಹಿಂಡಪ್ಪ ಒಳಗೆ ಬಂದ, ಹಲಗೆ ನೋಡಿದ, ಬಾಯ್ಲರಿನ ಮುಳ್ಳು ಸರ್ರನೆ ಮೂರು ಗೆರೆ ಏರಿತು.

"ಯಾರ್ರೀ ಅದನ್ನ ಅಳಿಸಿದ್ದು?"

"ತಪ್ಪು ಪದ ತಾನೇ?" ಗುಮಾಸ್ತರು ಗಾಬರಿಯಾಗಿ ಸೀಮೆಸುಣ್ಣ ಹುಡುಕಿದರು. "ಕೂಗಾಡಬೇಡ ಮಾರಾಯ. ಬಾ, 'ನುಡಿಸುವವರು' ಅಂತಲೇ ದೊಡ್ಡದಾಗಿ ಬರೆದುಕೊಡ್ತೀನಿ."

"ನಿಮ್ಮ 'ನುಡಿಸುವವರು' ನೀವೇ ಇಟ್ಕೊಳ್ಳಿ!" ಹಿಂಡಪ್ಪ ಮೇಜು ಗುದ್ದಿದ. "ಅಲ್ಲಿ ಏನಿತ್ತೋ ಅದನ್ನ ಬರೀರಿ. 'ಮ' ಸ್ವಲ್ಪ ಬಲಕ್ಕೆ ವಾಲಿತ್ತು. ಹಾಗೇ ವಾಲಬೇಕು!"